ಕುಲಸುಮಬಿ ಹಾಡಿದಾಗಷ್ಟೇ ಚಟಪಟ

“ಇನ್ನೊಂದ ಸಲ ಹಚ್ಚು,” ಎಂದಳು ಶಬೀನಾ, ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು.

ನಿಯಾಜ ಹಚ್ಚಿದ. ಮೊದಲ ನುಡಿ ಗೋಪಿಕಾಬಾಯಿಯದು. ಎಪ್ಪತ್ತು ದಾಟಿದ ಸುದ್ದಿ ಅವರ ದನಿಗೆ ಇನ್ನೂ ಯಾರೂ ಹೇಳಿದಂತಿಲ್ಲ. ಎರಡನೇ ನುಡಿ ಬಾಲ್ಯದ ಗೆಳತಿ ಕುಲಸುಮಬಿಯದು. ಕುಲಸುಮಬಿ ಬಾಯಿ ತೆರೆದದ್ದೇ ತಡ, ಒಗ್ಗರಣೆಗೆ ಸಾಸಿವೆ ಹಾಕಿದಂತೆ ಚಟಪಟ, ಚಟಪಟ. ಮೂರನೇ ನುಡಿಗೆ ಮತ್ತೆ ಗೋಪಿಕಾಬಾಯಿ ಬಂದರು. ಚಟಪಟ ಮಾಯವಾಯಿತು.

“ಮೈಕ್?”

“ಬದಲ ಮಾಡೇನ್ರಿ.”

“ವೈರ್?”

“ಅದೂ ಹೊಸಾದು. ಇಬ್ಬರ ಮೈಕೂ ಅದಲಿ ಬದಲಿ ಮಾಡಿ ನೋಡೇನಿ. ಯಾವ ಮೈಕ್ ಇದ್ರೂ ಅಷ್ಟ ರೀ, ಕುಲಸುಮ ಖಾಲಾ ಹಾಡಿದಾಗಷ್ಟ ಈ ಕಾಟ.”

ವಾರದಿಂದ ಸವಣೂರಿನ ಸವಿನಾದ ಸ್ಟುಡಿಯೊದ ಪಾಡು ಇದೇ ಆಗಿತ್ತು. ಮಾಲೀಕ ರಾಘಣ್ಣ ಅದರ ಹೊಣೆಯನ್ನು, ಸೌಂಡ್ ನೋಡಿಕೊಳ್ಳುವ ನಿಯಾಜನ ಕೊರಳಿಗೆ ಕಟ್ಟಿಬಿಟ್ಟಿದ್ದರು.

ಅವರಿಗೆ ಒಂದು ಕಾರಣವೂ ಸಿಕ್ಕಿತ್ತು. ಹಿರೇಕೆರೂರಿನಲ್ಲಿ ಹೊಸದಾಗಿ ಸ್ಟುಡಿಯೊ ತೆರೆದವರು ನಿಯಾಜನನ್ನು ಕರೆದಿದ್ದರು. ಅವನು ಒಲ್ಲೆ ಅಂದಿದ್ದ. ರಾಘಣ್ಣನ ತಲೆಯಲ್ಲಿ ಮಾತ್ರ ಬೇರೆಯೇ ಓಡುತ್ತಿತ್ತು: ಹೋಗುವವನು ಇಲ್ಲಿಯದನ್ನು ಕೆಡಿಸಿಯೇ ಹೋಗುತ್ತಾನೆ. ಹೊಸ ಸೌಂಡ್ ಎಂಜಿನಿಯರ್ ಉಡಚಪ್ಪ ಎಂಬುವವನನ್ನು ಕರೆತರಲು ಅವರು ಈಗಷ್ಟೇ ಕಾರು ತೆಗೆದುಕೊಂಡು ಯಲವಿಗಿ ಸ್ಟೇಶನ್ನಿಗೆ ಹೋಗಿದ್ದರು. ಆ ಕಾರು ತಿರುಗಿ ಬರುವುದರೊಳಗೆ ನಿಜವಾದ ಕಿಡಿಗೇಡಿ ಸಿಗದಿದ್ದರೆ ನಿಯಾಜ ಮನೆಗೆ. ಅಷ್ಟಕ್ಕೇ ಮುಗಿಯುವುದೂ ಇಲ್ಲ. ಶಿಗ್ಗಾಂವದಿಂದ ಹಾನಗಲ್ಲಿನವರೆಗೆ ಒಬ್ಬರೂ ಮತ್ತೆ ಅವನ ಕೈಗೆ ಮೈಕು ಕೊಡುವುದಿಲ್ಲ.

ಶಬೀನಾ ಪೊಲೀಸ್ ಇಲಾಖೆಯ ವೈರ್‌ಲೆಸ್ ಕೋಣೆಯಲ್ಲಿ ವರ್ಷಗಟ್ಟಲೆ ಕೂತು, ಗೊರಗೊರ ಸದ್ದಿನೊಳಗಿಂದ ಮಾತು ಹೆಕ್ಕಿ ಹೆಕ್ಕಿ, ಕೊನೆಗೆ ಬೇಸತ್ತು ರಾಜೀನಾಮೆ ಬಿಸಾಕಿ ಬಂದವಳು. ಈಗ ಪೇಟೆಯಲ್ಲಿ ವೀಳ್ಯದೆಲೆ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳದೇ ಖಾಸಗಿ ತಪಾಸಣೆ ಕಚೇರಿ. ಅವಳನ್ನು ಕರೆಸಿದವರು ಸ್ವತಃ ರಾಘಣ್ಣ. ನಿಯಾಜನೇ ಕಳ್ಳ ಎಂದು ಅವಳ ಬಾಯಿಂದ ಕೇಳಿಬಿಟ್ಟರೆ ತಮ್ಮ ಮನಸ್ಸಿಗೆ ನೆಮ್ಮದಿ ಎಂಬುದು ಅವರ ಆಸೆ. ಶಬೀನಾಳಿಗೋ, ಕರೆಸಿದವರು ಬಯಸಿದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಕಂಡುಹಿಡಿಯುವ ದುರಭ್ಯಾಸ.

ಗಾಜಿನ ಆಚೆ, ಹಾಡುವ ಕೋಣೆಯಲ್ಲಿ, ಇಬ್ಬರು ಮುದುಕಿಯರೂ ಜಮಖಾನೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮೈಕು ಬಂದ್ ಮಾಡಿರಲಿಲ್ಲವಾದ್ದರಿಂದ ಅವರ ಜಗಳವೂ ಈಚೆ ಕೇಳುತ್ತಿತ್ತು.

“ಕುಲಸುಮಾ, ಸುಣ್ಣ ಭಾಳ ಹಚ್ಚಬ್ಯಾಡ. ನಾಲಿಗಿ ಸುಟ್ಟಮ್ಯಾಲ ನನ್ನ ಹೆಸರು ಹೇಳ್ತೀ.”

“ನಾಲಿಗಿ ನಂದು, ಸುಣ್ಣ ನಂದು. ನಡಬರಕ ನಿಂದೇನ?”

ಶಬೀನಾ ನಕ್ಕಳು. ಆದರೆ ಬೆಳಗಿನಿಂದ ಒಂದು ಅಳುಕು ಅವಳನ್ನು ಬಿಟ್ಟಿರಲಿಲ್ಲ. ಇಬ್ಬರು ಹಾಡುವಾಗ ಒಬ್ಬಳ ದನಿ ಮಾತ್ರ ಕೆಡುತ್ತದೆ. ಆ ಒಬ್ಬಳು ಕುಲಸುಮಬಿ. ನಾಡಿದ್ದು ಹಾನಗಲ್ಲಿನಲ್ಲಿ ಇಬ್ಬರ ಪದಗಳೂ ಒಟ್ಟಿಗೆ ಬಿಡುಗಡೆಯಾಗುವುದು ಯಾರಿಗೋ ಬೇಡವಾಗಿದೆಯೇ? ಅಂಥ ಮನಸ್ಸಿನವರು ಈ ಸ್ಟುಡಿಯೊದೊಳಗೇ ಇದ್ದಾರೆಯೇ? ಹಾಗಾಗದೇ ಇರಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

“ಮೈಕ್ ಆತು, ವೈರ್ ಆತು. ಈ ಪೆಟಗಿ ಒಳಗ ಏನ ನಡದೈತಿ ನೋಡಿಯೇನ?” ಎಂದು ಕಂಪ್ಯೂಟರಿನ ತಲೆ ತಟ್ಟಿದಳು.

“ಅದು ಲಿನಕ್ಸ್ ರೀ. ಸುಮ್‌ಸುಮ್ನ ಕೆಡೂದಲ್ಲ,” ಎಂದ ನಿಯಾಜ, ಮಗನ ಮಾರ್ಕು ಹೇಳುವ ತಂದೆಯ ಹಾಗೆ. “ದನಿ ಥ್ರೆಡ್ಡಿಗೆ ರಿಯಲ್‌ಟೈಮ್ ಪ್ರಯಾರಿಟಿ ಕೊಟ್ಟೇನಿ.”

“ನನಗ ತಿಳಿಯೂ ಹಂಗ ಹೇಳಪಾ.”

“ಒಂದ ಮದುವಿ ಮನಿ ಊಟ ಅಂತ ತಿಳ್ಕೋರಿ. ಪ್ರೊಸೆಸರ್ ಅಂದ್ರ ಬಡಸವ್ರು. ನಮ್ಮದು ಹಳೇ ಪೆಟಗಿ, ಬಡಸವ್ರು ಇಬ್ಬರ ಅದಾರ. ಉಣ್ಣಾಕ ಕುಂತಾವಲ್ಲ, ಅವು ಥ್ರೆಡ್. ಒಂದೊಂದು ಥ್ರೆಡ್ಡಿಂದು ಒಂದೊಂದು ಕೆಲಸ. ಸಾದಾ ಪಂಕ್ತಿಗೆ ಸಾವಕಾಶ ಬಡಸಿದ್ರೂ ನಡೀತೈತಿ. ದನಿ ಹಂಗಲ್ಲ. ಅದಕ್ಕ ತುಸಾ ತಡಾ ಆದ್ರೂ ಅಲ್ಲೇ ತುಣುಕು ಹರದು ಚಟ್ ಅಂತೈತಿ. ಅದಕ್ಕಂತನ ಬ್ಯಾರೆ ಪಂಕ್ತಿ ಐತಿ, ರಿಯಲ್‌ಟೈಮ್ ಪಂಕ್ತಿ. ಅಲ್ಲಿ ಯಾರ ನಂಬರ್ ದೊಡ್ಡದೋ ಅವ್ರಿಗೆ ಮೊದಲ ಬಡಸೂದು. ನಾ ದನಿಗೆ ಎಂಬತ್ತು ಕೊಟ್ಟೇನಿ.”

“ಯಾವಾಗ ಕೊಟ್ಟಿದ್ದು?”

“ಸ್ಟುಡಿಯೊ ಚಾಲೂ ಆದಾಗ.”

“ಈ ವಾರದಾಗ ನೋಡಿಯೇನ?”

ನಿಯಾಜ ತಲೆ ಕೆರೆದುಕೊಂಡ. “ನಾನ ಕೊಟ್ಟಿದ್ದಲ್ರಿ. ಅದನ್ನೇನ ನೋಡೂದು ಅಂತ...”

“ನಾ ಹಾಕಿದ ಚಿಲಕ ಅಂತ ನಂಬಿ ಮನಿ ಕಳಕೊಂಡವ್ರನ್ನ ಭಾಳ ಮಂದಿನ್ನ ನೋಡೇನಿ. ಮೊದಲ ನೋಡು.”

ಅವನು ಕರಿಯ ಪರದೆಯ ಮೇಲೆ ಒಂದು ಸಾಲು ಬಡಿದು ಒತ್ತಿದ. ಓಡುತ್ತಿರುವ ಥ್ರೆಡ್ಡುಗಳೆಲ್ಲ ಹೆಸರು, ನಂಬರು ಸಮೇತ ಸರಸರ ಬಂದು ನಿಂತವು. ನಿಯಾಜನ ಬೆರಳು ಮೇಲಿಂದ ಕೆಳಗೆ ಇಳಿಯಿತು, ಮತ್ತೆ ಮೇಲೇರಿತು, ಮತ್ತೆ ಇಳಿಯಿತು. ಕೊನೆಗೆ ಒಂದು ಸಾಲಿನ ಮೇಲೆ ಅಂಟಿಕೊಂಡಿತು.

“ಯಾ ಅಲ್ಲಾ! ಒಂದ ಐತಲ್ರಿ!”

“ಎಂಬತ್ತು ಹೋಗಿ ಒಂದ?”

“ಹೌದ್ರಿ. ಪಂಕ್ತಿ ಕಟ್ಟಕಡೀಗೆ ಒಯ್ದು ಕುಂದರಿಸ್ಯಾರ!”

ಸೆಟ್ಟಿಂಗಿನ ಫೈಲು ತೆರೆಸಿದಳು ಶಬೀನಾ. ಎಂಬತ್ತಿದ್ದ ಕಡೆ ಯಾರೋ ಒಂದು ಎಂದು ತಿದ್ದಿದ್ದರು. ಅದು ಅವಳಿಗೆ ಆಗಲೇ ಗೊತ್ತಿತ್ತು. ಅವಳ ಕಣ್ಣು ನಿಂತದ್ದು ಅದರ ಮೇಲಲ್ಲ, ಫೈಲಿನ ನೆತ್ತಿಯ ಮೇಲೆ. ಎಲ್ಲಕ್ಕಿಂತ ಮೊದಲ ಸಾಲಿನಲ್ಲಿ ಒಂದು ಅಡ್ಡಗೆರೆ ಚೌಕದ # ಗುರುತು, ಅದರ ಪಕ್ಕದಲ್ಲಿ ಕನ್ನಡದಲ್ಲಿ ‘ಶ್ರೀ’.

“ಇದು ನೀ ಬರದಿದ್ದೇನ?”

“ನಾ ಯಾಕ ಬರೀಲಿ? ಆ ಗುರುತು ಮುಂದ ಏನ ಬರದ್ರೂ ಕಂಪ್ಯೂಟರ್ ಓದೂದಿಲ್ಲ. ಅದಕ್ಕ ಏನೂ ಕೆಟ್ಟಿಲ್ಲ. ಆದ್ರ ಇಲ್ಲಿ ‘ಶ್ರೀ’ ಯಾಕ ಬೇಕಿತ್ತು?”

ಶಬೀನಾಳ ಮುಖ ಅರಳಿತು. ರಾಘಣ್ಣನ ಮನೆಯಲ್ಲಿ ಕಿರಾಣಿ ಚೀಟಿಯ ಮೇಲೂ ಮೊದಲು ‘ಶ್ರೀ’ ಬರೆಯದೆ ಉಪ್ಪು ಸಾಸಿವೆ ಬರೆಯುವುದಿಲ್ಲ. ರಾಘಣ್ಣನಿಗೆ ಕಂಪ್ಯೂಟರ್ ತೆರೆಯಲು ಬರುವುದಿಲ್ಲ. ಹಾಗಾದರೆ ಆ ಮನೆಯವರಲ್ಲಿ ಲಿನಕ್ಸಿಗೆ ಕೈ ಹಾಕುವ ಧೈರ್ಯ ಇದ್ದದ್ದು ಒಬ್ಬರಿಗೇ. ಅವಳು ಫೋನು ತೆಗೆದು, ರಾಘಣ್ಣನ ಅಣ್ಣನ ಮಗ ಡಾಕ್ಟರ್ ಧೀರೇಂದ್ರನಿಗೆ ಹಚ್ಚಿದಳು.

ಧೀರೇಂದ್ರ ಶಿಗ್ಗಾಂವದಲ್ಲಿ ಹಲ್ಲಿನ ಡಾಕ್ಟರು. ಅಂದು ರಜೆ ಹಾಕಿ ಸವಣೂರಿನ ಮನೆಯಲ್ಲೇ ಇದ್ದ. ಹಿಂದಿನ ಓಣಿಯಿಂದ ಬರಲು ಅವನಿಗೆ ಹೊತ್ತು ಹಿಡಿಯಲಿಲ್ಲ.

“ಏನು ಶಬೀನಾ, ಹಲ್ಲು ನೋಯ್ಲಿಕ್ಕತ್ತದೇನು?” ಎನ್ನುತ್ತ ಒಳಗೆ ಬಂದ.

“ಇಲ್ರಿ ಡಾಕ್ಟರ. ಬರ್ರಿ, ಕುಂದರ್ರಿ. ಖಾರಾ ತಿನ್ರಿ, ಈಗ ಕರದದ್ದು.” ಅವಳು ಸವಣೂರು ಖಾರದ ಪೊಟ್ಟಣವನ್ನು ಅವನ ಮುಂದೆ ಹಿಡಿದಳು.

ಧೀರೇಂದ್ರ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡ.

“ನೀವು ಔಷಧ ಚೀಟಿ ಬರೀವಾಗೂ ಮ್ಯಾಲ ‘ಶ್ರೀ’ ಹಾಕ್ತೀರಂತ, ಖರೇನ?”

“ಹೌದಲ್ಲ! ನಮ್ಮ ಅಜ್ಜನ ಕಾಲದಿಂದ ಬಂದ ರೂಢಿ. ‘ಶ್ರೀ’ ಇಲ್ಲದ ಪೆನ್ನೇ ಓಡೂದಿಲ್ಲ ನನಗ.”

“ಕೀಬೋರ್ಡ?” ಎಂದು ಪರದೆಯನ್ನು ಅವನ ಕಡೆ ತಿರುಗಿಸಿದಳು.

ಖಾರ ಗಂಟಲಿಗೆ ಸಿಕ್ಕಿತು. ಕೆಮ್ಮಿ ಕೆಮ್ಮಿ ಡಾಕ್ಟರರ ಕಣ್ಣಲ್ಲಿ ನೀರು. ನಿಯಾಜ ಓಡಿ ಹೋಗಿ ನೀರು ತಂದುಕೊಟ್ಟ. ತನ್ನ ಹೊಟ್ಟೆಯ ಮೇಲೆ ಹೊಡೆದವನಿಗೆ ನೀರು ಕೊಡುತ್ತಿದ್ದೇನೆಂದು ಆ ಬಡಪಾಯಿಗೆ ಆಗಲೂ ಹೊಳೆದಿರಲಿಲ್ಲ.

“ನಿಮ್ಮ ಕಾಕಾ ಇಡಿಸಿದ ಪಾಸ್‌ವರ್ಡ್ ಎಲ್ಲಿಂದ ಬಂತ್ರಿ ನಿಮಗ?”

“ಕುಲದೇವರ ಹೆಸರು ಇಟ್ಟಾರ. ನಮ್ಮ ಮನ್ಯಾಗ ಅದು ಕೂಸಿಗೂ ಗೊತ್ತದ.” ಧೀರೇಂದ್ರ ಬಾಯಿ ಒರೆಸಿಕೊಂಡ. “ನಾ ಕೆಡಸಬೇಕು ಅಂತ ಮಾಡಿಲ್ಲ, ಆಣಿ ಮಾಡಿ ಹೇಳ್ತೇನಿ. ಯಾವುದೋ ವಿಡಿಯೋ ನೋಡಿ ಫೈಲ್ ತಗದೆ. ದನಿಗೆ ಎಂಬತ್ತು ಅಂತ ಇತ್ತು. ಎಂಬತ್ತನೇ ನಂಬರ್! ನಮ್ಮ ಅತ್ಯಾ ಗೋಪಿಕಾಬಾಯಿ ಹಾಡಿಗೆ ಎಂಬತ್ತನೇ ಎಲಿ ಹಾಕ್ಯಾರಲ್ಲ ಅಂತ ಸಿಟ್ಟು ಬಂತು. ನಮ್ಮ ಪಂಕ್ತಿಯೊಳಗ ಒಂದನೇ ಎಲಿ ಅಂದ್ರ ಎಲ್ಲಾರಕಿಂತ ಹಿರ್ಯಾರದು. ಅದಕ್ಕ ಒಂದು ಮಾಡಿದೆ.”

ನಿಯಾಜನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ನಕ್ಕ. “ಡಾಕ್ಟರ, ಇಲ್ಲಿ ಎಂಬತ್ತ ಹಿರಿಯಾ, ಒಂದು ಕೂಸು!”

ಶಬೀನಾಳಿಗೂ ನಗೆ ಬಂದಿತ್ತು. ಆದರೆ ನಗೆಯ ಬೆನ್ನಿಗೇ ಸಿಟ್ಟೂ ಬಂತು, ಅವಳು ಅದನ್ನು ಬಚ್ಚಿಡಲಿಲ್ಲ.

“ತಪ್ಪು ಯಾರ ಮಾಡೂದಿಲ್ರಿ? ಆದ್ರ ಚಟಪಟ ಸುರು ಆದಮ್ಯಾಲರೆ ಹೇಳಬೇಕಿತ್ತಲ್ಲ? ನಿಯಾಜನ ಮ್ಯಾಲ ಹೊಣಿ ಬಂದಾಗರೆ ಹೇಳಬೇಕಿತ್ತಲ್ಲ?”

“ಕಾಕಾ ನಕ್ಕೋತ ಊರ ತುಂಬ ಹೇಳ್ತಾರ. ಹಲ್ಲು ಕೀಳಾವಗ ಕಂಪ್ಯೂಟರ್ ಯಾಕ ಬೇಕಿತ್ತು ಅಂತ...”

“ನಿಮ್ಮ ಮ್ಯಾಲ ನಾಲ್ಕ ಮಂದಿ ನಗಬಾರದು ಅಂತ ಒಬ್ಬನ ಅನ್ನಾ ಕಸಗೊಂಡ್ರೆಲ್ರಿ!”

ಧೀರೇಂದ್ರನ ಕಿವಿ ಕೆಂಪಾಯಿತು. ತಲೆ ತಗ್ಗಿಸಿದ. ಎದ್ದು ಬಂದು ನಿಯಾಜನ ಭುಜದ ಮೇಲೆ ಕೈಯಿಟ್ಟ. “ಕಾಕಾ ಬರಲಿ, ನಾನ ಹೇಳ್ತೇನಿ. ಊರು ನಕ್ರ ನಗಲಿ.”

ಶಬೀನಾಳ ಎದೆ ಹಗುರಾಯಿತು. ಯಾರಿಗೂ ಯಾರ ದನಿಯೂ ಬೇಡವಾಗಿರಲಿಲ್ಲ. ಒಂದು ಬಾಳೆಯೆಲೆಯ ಮರ್ಯಾದೆ ಇಷ್ಟೆಲ್ಲ ರಾದ್ಧಾಂತ ಮಾಡಿತ್ತು. ಅವಳು ಖಾರದ ಪೊಟ್ಟಣ ಎಳೆದುಕೊಂಡು, ಕೆಲಸ ಮುಗಿದವರು ತಿನ್ನುವ ಹಾಗೆ ಆರಾಮಾಗಿ ತಿನ್ನತೊಡಗಿದಳು.

ನಿಯಾಜ ಮಾತ್ರ ಕುರ್ಚಿಯ ಮೇಲೆ ಅಲುಗಾಡುತ್ತಿದ್ದ.

“ಏನೋ, ಇರಬಿ ಕಡದಂಗ ಮಾಡಾಕತ್ತಿ?”

“ಅಲ್ರಿ... ಬರೇ ಒಂದು ಆದ್ರ ಚಟಪಟ ಬರಬಾರದ್ರಿ.”

“ಅಂದ್ರ?”

“ಒಂದು ಅಂದ್ರ ರಿಯಲ್‌ಟೈಮ್ ಪಂಕ್ತಿಯೊಳಗ ಕಡೇದು, ಖರೆ. ಆದ್ರೂ ಅದು ರಿಯಲ್‌ಟೈಮ್ ಪಂಕ್ತೀನ. ಆ ಪಂಕ್ತಿ ಕಡೇದಕ್ಕ ಬಡಸಿದಮ್ಯಾಲನ ಸಾದಾ ಪಂಕ್ತಿ. ಮುಂದ ಕುಂತವ್ರು ಲಗೂನ ಉಂಡು ಎದ್ರ ಇದಕ್ಕೂ ಬೇಕಾದಷ್ಟು ಸಿಗತೈತಿ. ಇದು ಉಪಾಸ ಬೀಳಬೇಕಂದ್ರ ಇದರ ಮುಂದ ಅದ ಪಂಕ್ತಿಯೊಳಗ ಮತ್ತ್ಯಾರೋ ಬಂದು, ಏಳಲಾರದಂಗ ಉಣಬೇಕು.”

ಶಬೀನಾ ಹಣೆ ಚಚ್ಚಿಕೊಂಡಳು. “ನಿನ್ನ ಬಾಯಿ ಸುಮ್ಮ ಇದ್ದಿದ್ರ ಬಚಾವಾಗಿದ್ದೆಲ್ಲೋ! ನಿನ್ನ ಕೈಲೇ ಮತ್ತ ನಿನ್ನ ಕೊರಳಿಗೆ ಹಗ್ಗಾ ಹಾಕ್ಕೋತೀ.”

“ಸುಳ್ಳು ಹೇಳಿ ಉಳಿಯೂದು ಬ್ಯಾಡ್ರಿ. ನಾಳೆ ಮತ್ತ ಚಟಪಟ ಬಂದ್ರ?”

ಅವನ ಮಾತು ಸರಿಯಿತ್ತು. ಅದಕ್ಕೇ ಅವಳಿಗೆ ಅವನ ಮೇಲೆ ಇನ್ನಷ್ಟು ಅಕ್ಕರೆ ಬಂತು. ಈ ಹುಡುಗ ಕಿಡಿಗೇಡಿ ಆಗಿದ್ದರೆ ತಾನು ಕಚೇರಿ ಮುಚ್ಚಿ ಎಲೆ ಮಾರಲು ಕೂರುತ್ತೇನೆ ಎಂದುಕೊಂಡಳು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ರಾಘಣ್ಣ. “ಉಡಚಪ್ಪ ಸಿಕ್ಕ. ಯಲವಿಗಿ ಬಿಟ್ಟೇವಿ. ನಾ ಬರೋದ್ರೊಳಗ ಆ ಕಳ್ಳನ ಹೆಸರು ತಯಾರ ಇಡು.”

“ಒಂದನ್ನ ಹಂಗ ಬಿಡು, ಎಂಬತ್ತ ಮಾಡಬ್ಯಾಡ,” ಎಂದಳು ಶಬೀನಾ ಫೋನು ಇಡುತ್ತಲೇ. “ಕಳ್ಳ ದಿನಾ ಹ್ಯಾಂಗ ಬರ್ತಾನೋ ಹಂಗ ಬರಲಿ. ಪರದೆ ತಾನ ಹೊಸಾದು ಆಕ್ಕೋತ ಇರೂ ಹಂಗ ಇಡು. ಯಾವ ಥ್ರೆಡ್ ಯಾರ ಹೆಸರಿಲೆ ನಡದೈತಿ ಅದೂ ಕಾಣಬೇಕು. ಡಾಕ್ಟರ, ನೀವು ಬಾಗಲದಾಗ ನಿಂತು ಕಾರಿನ ಹಾದಿ ನೋಡ್ರಿ.”

ನಿಯಾಜ ಗುಂಡಿ ಒತ್ತಿ ಗಾಜಿನಾಚೆಗೆ ಹೇಳಿದ: “ಅವ್ವಾ, ಖಾಲಾ, ಇನ್ನೊಂದ ಸಲ ಹಾಡ್ರಿ.”

“ಮುಂಜಾನಿಂದ ಇನ್ನೊಂದ ಸಲ, ಇನ್ನೊಂದ ಸಲ!” ಎಂದರು ಕುಲಸುಮಬಿ. “ಗಂಟಲೇನ ಬೋರ್‌ವೆಲ್ಲೇನೋ?”

“ಹಾಡೇ ಸುಮ್ಮನ,” ಎಂದು ನಕ್ಕು ಗೋಪಿಕಾಬಾಯಿ ಮೊದಲ ನುಡಿ ಎತ್ತಿಕೊಂಡರು.

ಪರದೆ ಶಾಂತವಾಗಿತ್ತು. ದನಿಯ ಥ್ರೆಡ್ಡು ತನ್ನ ಒಂದನೇ ನಂಬರಿನಲ್ಲಿ ಹೊಟ್ಟೆ ತುಂಬ ಉಂಡುಕೊಂಡು ಕೂತಿತ್ತು. ಹೆಡ್‌ಫೋನಿನಲ್ಲಿ ಬಂಗಾರದಂಥ ದನಿ. ಗೋಪಿಕಾಬಾಯಿ ಕೊನೆಯ ಸೊಲ್ಲು ಮುಗಿಸಿದರು. ಕುಲಸುಮಬಿ ಕಣ್ಣು ಮುಚ್ಚಿ ಬಾಯಿ ತೆರೆದರು.

ಪರದೆಯ ಮೇಲೆ ಎರಡು ಹೊಸ ಸಾಲು ಮೂಡಿದವು.

“ಬಂದ್ವು!” ನಿಯಾಜ ಪಿಸುಗುಟ್ಟಿದ. “ಅರವತ್ತು. ಎರಡೂ ಅರವತ್ತು! ಬಡಸವ್ರು ಇಬ್ಬರನ್ನೂ ಹಿಡಕೊಂಡು ಕುಂತಾವ!”

ಚಟಪಟ, ಚಟಪಟ.

ಶಬೀನಾಳ ಕಣ್ಣು ನಂಬರು ದಾಟಿ ಪಕ್ಕಕ್ಕೆ ಸರಿಯಿತು, ಥ್ರೆಡ್ಡಿನ ಒಡೆಯರ ಹೆಸರು ಇರುವ ಕಡೆಗೆ. ಓದಿದಳು. ತಪ್ಪು ಓದಿದೆನೆಂದು ಮತ್ತೊಮ್ಮೆ ಓದಿದಳು.

ಅಲ್ಲಿ ಇದ್ದದ್ದು ‘ಗೋಪಿಕಾ’.

ನಿಯಾಜನ ಮುಖದ ಬಣ್ಣ ಇಳಿಯಿತು. “ಆ ಅಕೌಂಟ ನಾನ ಮಾಡಿಕೊಟ್ಟಿದ್ದು,” ಎಂದ. “ಅವ್ವಾರು ಮನ್ಯಾಗ ಫೋನಿನಾಗ ತಮ್ಮ ಹಾಡು ಕೇಳ್ತೇನಿ ಅಂದ್ರು. ಅದಕ್ಕ ಫೋನಿಂದನ ಈ ಪೆಟಗಿಯೊಳಗ ಬರೂ ಹಂಗ ಮಾಡಿದೆ, ಅಡ್ಡಿ ಆಗಬಾರದು ಅಂತ ಆಡಿಯೊ ಗುಂಪಿಗೂ ಸೇರಿಸಿದೆ. ಆ ಗುಂಪಿನವ್ರಿಗೆಲ್ಲ ರಿಯಲ್‌ಟೈಮ್ ಪಂಕ್ತಿಯೊಳಗ ಕುಂದರೂ ಹಕ್ಕು ಐತಿ. ಆದ್ರ ಅವ್ವಾರಿಗೆ ಇಷ್ಟೆಲ್ಲ... ಅವ್ರಿಗೆ ಫೋನ್ ಚಾರ್ಜ್ ಹಾಕೂದೂ ಬರೂದಿಲ್ಲಂತಿದ್ರಲ್ರಿ!”

ಶಬೀನಾ ತಲೆ ಎತ್ತಿ ಗಾಜಿನಾಚೆ ನೋಡಿದಳು.

ಕುಲಸುಮಬಿ ಕಣ್ಣು ಮುಚ್ಚಿ ಹಾಡಿನಲ್ಲಿ ಮುಳುಗಿದ್ದರು. ಗೋಪಿಕಾಬಾಯಿ ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಬಲಗೈ ಸೆರಗಿನೊಳಗೆ. ಸೆರಗಿನ ತೆಳು ಬಟ್ಟೆಯ ಒಳಗಿಂದ ಫೋನಿನ ಬೆಳಕು ಕಾಣುತ್ತಿತ್ತು. ಅವರು ನೋಡುತ್ತಿದ್ದದ್ದು ಗೆಳತಿಯ ಮುಖವನ್ನು. ಆ ನೋಟದಲ್ಲಿ ಹೊಟ್ಟೆಕಿಚ್ಚಿನ ಎಳೆಯೂ ಇರಲಿಲ್ಲ. ಪದ ಸರಿಬಂದು ರೆಕಾರ್ಡಿಂಗ್ ಮುಗಿದರೆ ಗೆಳತಿ ಎದ್ದು ಹೋಗಿಬಿಡುತ್ತಾಳೆ ಎಂಬಂತೆ ಕಣ್ಣು ತುಂಬಿಕೊಂಡಿದ್ದವು.

ಹೆತ್ತ ತಾಯಿ ಇಲ್ಲದ ನಿಯಾಜನಿಗೆ ಸ್ವರ ಅಂದರೇನೆಂದು ಕಲಿಸಿದವರು ಇದೇ ಗೋಪಿಕಾಬಾಯಿ. ಊರಿನಲ್ಲಿ ಅವನು ಅವ್ವಾ ಎಂದು ಕರೆಯುವುದು ಅವರೊಬ್ಬರನ್ನೇ. ಇದೆಲ್ಲ ಶಬೀನಾಳಿಗೂ ಗೊತ್ತಿತ್ತು.

“ಕಾರ್ ಬಂತು!” ಎಂದ ಧೀರೇಂದ್ರ ಬಾಗಿಲಿನಿಂದ.

ರಾಘಣ್ಣ ಧೋತರದ ಚುಂಗು ಹಿಡಿದುಕೊಂಡು ಒಳಗೆ ಬಂದರು. ಹಿಂದೆ, ಹೆಗಲಿಗೆ ಬ್ಯಾಗು ಹಾಕಿಕೊಂಡ ಉಡಚಪ್ಪ.

“ಏನು ಶಬೀನಾ, ಸಿಕ್ಕನೇನು ಕಳ್ಳ?”

“ಕಾಕಾ, ಮೊದಲ ನನ್ನ ಮಾತು ಕೇಳ್ರಿ,” ಎಂದು ಧೀರೇಂದ್ರ ಮುಂದೆ ಬಂದ. “ಆ ಒಂದನೇ ನಂಬರ್...”

“ನೀ ಸುಮ್ಮನಿರು. ಶಬೀನಾ, ನೀ ಹೇಳು. ಹೆಸರು ಸಿಕ್ಕದೋ ಇಲ್ಲೋ?”

ಹೆಸರು ಸಿಕ್ಕಿತ್ತು. ಅದನ್ನು ಹೇಳಿದರೆ ನಿಯಾಜ ಉಳಿಯುತ್ತಿದ್ದ. ಶಬೀನಾ ಬಾಯಿ ತೆರೆದಳು.

ಅವಳಿಗಿಂತ ಮೊದಲು ನಿಯಾಜನ ಕೈ ಚಾಚಿಕೊಂಡಿತು. ಪರದೆ ಕಪ್ಪಾಯಿತು.

“ನಾನ ಮಾಡೇನ್ರಿ, ರಾಘಣ್ಣಾರ,” ಎಂದ ನಿಯಾಜ. “ನೀವು ಅಂದಿದ್ದ ಖರೆ.”

ಶಬೀನಾ ಅವನ ತೋಳು ಹಿಡಿದು ಜಗ್ಗಿದಳು. ಅವನು ಅವಳ ಕಡೆ ನೋಡಲಿಲ್ಲ. ಕಿಸೆಯಿಂದ ಸ್ಟುಡಿಯೊದ ಕೀಲಿಗೊಂಚಲು ತೆಗೆದು ಉಡಚಪ್ಪನ ಕೈಯಲ್ಲಿಟ್ಟ.

ಆಚೆ ಪದ ಮುಗಿದಿತ್ತು. ಸ್ಪೀಕರಿನಲ್ಲಿ ಗೋಪಿಕಾಬಾಯಿಯ ಲವಲವಿಕೆಯ ದನಿ ಬಂತು.

“ನಿಯಾಜಾ, ಈ ಸಲ ಛಂದ ಬಂತೇನೋ?”

ನಿಯಾಜ ಬಗ್ಗಿ ಗುಂಡಿ ಒತ್ತಿದ.

“ಭಾಳ ಛಂದ ಬಂತ್ರಿ, ಅವ್ವಾ,” ಎಂದ.